ಟೇಲರ್ ಟೇಪು ಮಾಳಿಗೆ ಹತ್ತಿದ್ದು

ನಾನು ಅರವತ್ತು ಇಂಚಿನ ಟೇಪು. ಟೇಲರ್‌ಗಳ ಕೊರಳಲ್ಲಿ ಜೋತಾಡುವುದನ್ನು ನೀವು ನೋಡಿದ್ದೀರಲ್ಲ, ಅದೇ ಜಾತಿ. ಅರವತ್ತು ಎಂಬುದು ನಾನೇ ಹೇಳಿಕೊಂಡದ್ದಲ್ಲ, ನನ್ನ ಮೈಮೇಲೆ ಅಚ್ಚಾಗಿದೆ. ಈಚೆಗೆ ಕೆಲವರು ಅದನ್ನು ಅನುಮಾನಿಸುತ್ತಿದ್ದಾರೆ. ಅಂಥವರ ಸಲುವಾಗಿಯೇ ಈ ಕಥೆ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ನೂಲಿನ ಉದ್ದನೆಯ ಪಟ್ಟಿಗೆ ಹಳದಿ ಲೇಪ ಬಳಿದು, ಅಂಕಿ ಒತ್ತಿ, ಅರವತ್ತು ಬಂದಾಗಲೆಲ್ಲ ಕಚಕ್ಕನೆ ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿದ ತಕ್ಷಣ ನಾನು ನಾನಾದೆ. ಎರಡೂ ತುದಿಗೆ ಹಿತ್ತಾಳೆಯ ಟೋಪಿ ಹಾಕಿದರು. ಒಂದು ಬದಿಗೆ ಇಂಚು, ಇನ್ನೊಂದು ಬದಿಗೆ ಸೆಂಟಿಮೀಟರು. ಸೆಂಟಿಮೀಟರಿನ ಬದಿಯನ್ನು ನನ್ನ ಜನ್ಮದಲ್ಲಿ ಯಾರೂ ವಿಚಾರಿಸಿಲ್ಲ. ಅದನ್ನು ನಾನು ನನ್ನ ಬೆನ್ನು ಎಂದು ತಿಳಿದುಕೊಂಡಿದ್ದೇನೆ.

ಗದಗಿನ ಒಂದು ಗುಂಡಿ-ದಾರದ ಅಂಗಡಿಯಲ್ಲಿ ನನ್ನನ್ನು ಮೊದಲು ಕೊಂಡವಳು ಕಸ್ತೂರಿ ಎಂಬ ಹೊಸ ಮದುಮಗಳು. ಟೇಲರಿಂಗ್ ಕ್ಲಾಸಿಗೆ ಸೇರಿದ್ದಳು. ಹುರುಪು ಬಹಳ. ಮನೆಗೆ ಬಂದವಳೇ ಕಂಡದ್ದನ್ನೆಲ್ಲ ಅಳೆದಳು. ಗಂಡನ ಮೂಗು, ರೊಟ್ಟಿಯ ಸುತ್ತಳತೆ, ಮಲಗಿದ್ದ ಬೆಕ್ಕು, ಯಾವುದನ್ನೂ ಬಿಡಲಿಲ್ಲ. ಒಂದು ದಿನ ಮನೆ ತುಂಬ ಬೀಗರಿದ್ದಾಗ ಅತ್ತೆಗೆ ಕುಪ್ಪಸ ಹೊಲಿಯುತ್ತೇನೆಂದು ಅವರ ಸೊಂಟಕ್ಕೆ ನನ್ನನ್ನು ಸುತ್ತಿ, ಕ್ಲಾಸಿನಲ್ಲಿ ಕಲಿಸಿದಂತೆ ಗಟ್ಟಿಯಾಗಿ ಹೇಳಿಬಿಟ್ಟಳು: "ನಲವತ್ತನಾಲ್ಕು!" ಮರುದಿನದಿಂದ ಕ್ಲಾಸು ನಿಂತಿತು. ಅರ್ಧಕ್ಕೆ ನಿಂತ ಆ ಕುಪ್ಪಸವನ್ನು ಮುಗಿಸಿಕೊಳ್ಳಲು ಅವಳು ಬೆಟಗೇರಿಯ ಟೇಲರ್ ಜ್ಞಾನೋಬ ಮಹೇಂದ್ರಕರನ ಅಂಗಡಿಗೆ ಹೋದಳು. ಹೊಲಿಗೆಯ ಕೂಲಿಯಲ್ಲಿ ಹತ್ತು ರೂಪಾಯಿ ಮುರಿಸಿಕೊಂಡು ನನ್ನನ್ನು ಅಲ್ಲೇ ಬಿಟ್ಟುಹೋದಳು.

ಜ್ಞಾನೋಬನ ಕೊರಳು ನನಗೆ ಕೂಡಲೇ ಹಿಡಿಸಿತು. ತೆಳ್ಳನೆಯ ಮನುಷ್ಯ, ಕಿವಿಯ ಮೇಲೆ ಸೀಮೆಸುಣ್ಣ, ಬಾಯಲ್ಲಿ ಸದಾ ಒಂದು ಗುಂಡುಸೂಜಿ. ಅಳತೆಯನ್ನು ಅವನೆಂದೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ದೇವರ ಗುಡಿಯಲ್ಲಿ ಬೇಡಿಕೊಳ್ಳುವವರ ಹಾಗೆ ತುಟಿಯಲ್ಲೇ ಗೊಣಗಿ ಬರೆದುಕೊಳ್ಳುತ್ತಿದ್ದ. ಹೆಂಗಸರಿಗೆ ಅವನ ಮೇಲೆ ಅಷ್ಟೊಂದು ನಂಬಿಕೆ ಬಂದದ್ದು ಅದರಿಂದಲೇ.

ಅವನಿಗೆ ಒಂದು ಕೆಟ್ಟ ಚಾಳಿಯಿತ್ತು. ದರ ಹೇಳುವಾಗ ನನ್ನ ಎರಡೂ ತುದಿಗಳನ್ನು ಹಿಡಿದು ಕೆಳಕ್ಕೆ ಜಗ್ಗುತ್ತಿದ್ದ. ಸಾದಾ ಕುಪ್ಪಸವಾದರೆ ಮೆಲ್ಲಗೆ. ಲೈನಿಂಗ್ ಇದ್ದರೆ ಇನ್ನಷ್ಟು. ಮದುವೆಯ ಕುಪ್ಪಸವಾದರೆ ನನ್ನ ನರನಾಡಿಯೆಲ್ಲ ಹರಿಯುವಂತೆ. ಸಾಲದ್ದಕ್ಕೆ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಲು ಹಗ್ಗ ಸಿಗದಿದ್ದರೆ ನನ್ನಿಂದಲೇ ಬಿಗಿಯುತ್ತಿದ್ದ. ಇಪ್ಪತ್ತು ವರ್ಷ ಹೀಗೆ ನಡೆಯಿತು. ನಾನು ಒಂದು ದಿನವೂ ಗೊಣಗಲಿಲ್ಲ.

ಈ ವರ್ಷಗಳಲ್ಲಿ ಒಂದು ವಿಚಿತ್ರ ನಡೆಯಿತು. ಊರಿನ ಹೆಂಗಸರು ನನ್ನ ಮುಂದೆ ತೆಳ್ಳಗಾಗುತ್ತ ಬಂದರು. ಬ್ಯಾಂಕಿನ ಶಶಿರೇಖಾ ಮೇಡಂ ಬೇರೆ ಅಂಗಡಿಯಲ್ಲಿ ಸೊಂಟ ಮೂವತ್ತೇಳು ಇದ್ದವರು ನಮ್ಮಲ್ಲಿ ಮೂವತ್ತಾರು. "ಜ್ಞಾನೋಬಣ್ಣ, ವಾಕಿಂಗ್ ಶುರು ಮಾಡೀನಿ, ಗೊತ್ತಾತಿಲ್ಲೋ?" ಎಂದು ಅವರು ಸಂತೋಷಪಟ್ಟರು. ಅದೇ ಮೂವತ್ತಾರನ್ನು ನಂಬಿ ಫೋನಿನಲ್ಲಿ ಒಂದು ರೆಡಿಮೇಡ್ ಕುರ್ತಾ ತರಿಸಿಕೊಂಡರು. ಅದು ಹೊಟ್ಟೆಯ ಹತ್ತಿರ ಇಳಿಯಲೇ ಇಲ್ಲ. "ಕಂಪನಿಯವ್ರು ಬಟ್ಟಿ ಕಡಿಮಿ ಹಾಕ್ಯಾರ" ಎಂದು ಬೈದು ವಾಪಸ್ ಕಳಿಸಿದರು. ನಮ್ಮ ಅಂಗಡಿಯ ಕುಪ್ಪಸಗಳು ಮಾತ್ರ ಎಲ್ಲರಿಗೂ ಮೈಗೆ ಎರಕ ಹೊಯ್ದಂತೆ ಕೂರುತ್ತಿದ್ದವು. ಮೈಯನ್ನು ಅಳೆಯುವವನೂ ನಾನೇ, ಬಟ್ಟೆಯನ್ನು ಅಳೆಯುವವನೂ ನಾನೇ. ತಪ್ಪು ಬರುವುದು ಎಲ್ಲಿಂದ?

ಬಟ್ಟೆಯ ವಿಷಯದಲ್ಲಿ ಜ್ಞಾನೋಬನಿಗೆ ತನ್ನದೇ ಶಾಸ್ತ್ರವಿತ್ತು. ಎಂಬತ್ತು ಸೆಂಟಿಮೀಟರ್ ಸಾಕಾಗುವ ಕಡೆ ಒಂದು ಮೀಟರ್ ತರಿಸುತ್ತಿದ್ದ. ಯಾಕೆ ಎಂದು ಕೇಳಿದರೆ, "ಕುಗ್ಗತೈತ್ರೀ. ಅಂಚು ಮಡಚಬೇಕು. ಮ್ಯಾಲೆ ಡಿಸೈನ್ ಕೂಡಿಸಬೇಕು" ಎನ್ನುತ್ತಿದ್ದ. ಉಳಿದ ಚೂರುಗಳು ಒಂದು ಗೋಣಿಚೀಲಕ್ಕೆ ಬೀಳುತ್ತಿದ್ದವು. ಚೀಲ ತುಂಬಿದಾಗ ಮನೆಗೆ ಹೋಗುತ್ತಿತ್ತು. ಅವನ ಹೆಂಡತಿ ಸುಲೋಚನಾಬಾಯಿ ಆ ಚೂರುಗಳನ್ನು ಸಾಲು ಸಾಲಾಗಿ ಕೂಡಿಸಿ ಬಣ್ಣಬಣ್ಣದ ಕೌದಿ ಹೊಲಿಯುತ್ತಿದ್ದಳು. ಗಿರಾಕಿಗಳು ಚೂರು ಕೇಳುತ್ತಿರಲಿಲ್ಲ, ಜ್ಞಾನೋಬ ಹೇಳುತ್ತಿರಲಿಲ್ಲ. ಎಲ್ಲ ಟೇಲರ್‌ಗಳ ಪದ್ಧತಿಯೇ ಅದು.

ಹೀಗಿರುವಾಗ ಅಂಗಡಿಯ ಮಾಲೀಕ ಹಳೆಯ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇನೆಂದ. ಮಳೆಗಾಲಕ್ಕೆ ಮೊದಲು ಖಾಲಿ ಮಾಡಬೇಕು. ಹೊಸ ಕಾಂಪ್ಲೆಕ್ಸಿನ ಬಾಡಿಗೆ ಕೇಳಿ ಜ್ಞಾನೋಬ ಬಾಯಲ್ಲಿದ್ದ ಗುಂಡುಸೂಜಿಯನ್ನು ನುಂಗುವುದೊಂದು ಬಾಕಿ. ಅಷ್ಟರಲ್ಲಿ ಬಜಾರಿನ ರೆಡಿಮೇಡ್ ಅಂಗಡಿಯವರಿಂದ ಹೇಳಿಕೆ ಬಂತು: ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಸ್ಟೂಲ್ ಕೊಡುತ್ತೇವೆ, ಪ್ಯಾಂಟಿನ ಕಾಲು ಮಡಚುವ ಆಲ್ಟ್ರೇಶನ್ ಕೆಲಸ ಮಾಡಿಕೊಂಡಿರಿ. ಜ್ಞಾನೋಬ ಆ ದಿನ ಊಟ ಮಾಡಲಿಲ್ಲ. ಮೂವತ್ತು ವರ್ಷ ಬಟ್ಟೆಗೆ ಆಕಾರ ಕೊಟ್ಟವನು ಇನ್ನೊಬ್ಬರು ಹೊಲಿದ ಕಾಲು ಮಡಚುತ್ತ ಕೂರುವುದೇ ಎಂದು ಅವನಿಗೆ ಅಳುವೇ ಬಂದಿತ್ತು. ನನಗೂ ಹೆದರಿಕೆಯಾಯಿತು. ಪ್ಯಾಂಟಿನ ಕಾಲಿಗೆ ಅರವತ್ತು ಇಂಚು ಯಾಕೆ ಬೇಕು?

ದಾರಿ ತೋರಿಸಿದವಳು ಸುಲೋಚನಾಬಾಯಿ. "ಮನಿ ಮಾಳಗಿ ಖಾಲಿ ಬಿದ್ದೈತಿ. ಮ್ಯಾಲೆ ತಗಡು ಹಾಕಸ್ರಿ. ಮಶೀನ್ ಅಲ್ಲಿಗೇ ತರ್ರಿ. ನಂದು ಭಿಶಿ ಚೀಟಿ ಎತ್ತೀನಿ, ಐವತ್ತು ಸಾವಿರ ಐತಿ. ಆದ್ರ ಮಿರಗದ ಮಳಿ ಬರೂದ್ರಾಗ ಆಗಬೇಕು, ಇಲ್ಲಂದ್ರ ಮಶೀನ್ ತೋಯ್ತಾವು."

ಹೀಗಾಗಿ ಛಾವಣಿಯ ಎಸ್ಟಿಮೇಟ್ ಎಂಬ ಹೊಸ ವಿದ್ಯೆ ನಮ್ಮ ಮನೆಗೆ ಕಾಲಿಟ್ಟಿತು.

ಮೊದಲು ಬಂದವನು ಕಪ್ಪು ಕನ್ನಡಕದ ಒಬ್ಬ ಏಜೆಂಟ್. ಏನನ್ನೂ ಅಳೆಯದೆ, ಮಾಳಿಗೆಯನ್ನು ಒಂದು ಸಲ ಕಣ್ಣಾಡಿಸಿ ನೋಡಿ, "ಚದರಡಿಗೆ ನೂರಾ ಹತ್ತು" ಎಂದ. ಜ್ಞಾನೋಬನಿಗೆ ಖುಷಿಯಾಯಿತು. ಕಂಬ ಸೇರಿ ತಾನೆ ಎಂದು ಕೇಳಿದ. ಕಂಬ ಬೇರೆ ಎಂದ ಆಸಾಮಿ. ಸ್ಕ್ರೂ? ಅದೂ ಬೇರೆ. ನೀರು ಹೋಗುವ ದೋಣಿ, ಬಣ್ಣ, ತಗಡನ್ನು ಮೇಲೆ ಎತ್ತುವ ಕೂಲಿ? ಎಲ್ಲ ಬೇರೆ ಬೇರೆ. ಜ್ಞಾನೋಬನ ಅಂಗಡಿಯ ಬೋರ್ಡಿನಲ್ಲೂ 'ಕುಪ್ಪಸ 250' ಎಂದು ದೊಡ್ಡದಾಗಿ, ಅದರ ಕೆಳಗೆ 'ಲೈನಿಂಗ್, ಹುಕ್ಕು, ಪೈಪಿಂಗ್ ಬೇರೆ' ಎಂದು ಇರುವೆ ಸಾಲಿನಂತೆ ಬರೆದಿತ್ತು. ಏಜೆಂಟನನ್ನು ಕಳಿಸಿಕೊಟ್ಟು ಬಂದು ಹೆಂಡತಿಗೆ ಹೇಳಿದ: "ನನ್ನ ವಿದ್ಯಾ ನನಗ ಕಲಸಾಕ ಬಂದಿದ್ದ ಮಗಾ."

ಎರಡನೆಯವನು ಮೌನೇಶ ಕಮ್ಮಾರ. ಹೆಸರು ಮೌನೇಶನಾದರೂ ಬಾಯಿ ಅರೆಗಳಿಗೆ ಮುಚ್ಚುತ್ತಿರಲಿಲ್ಲ. ವೆಲ್ಡಿಂಗ್ ಅಂಗಡಿ ಇಟ್ಟು ಅರ್ಧ ಬೆಟಗೇರಿಗೆ ತಗಡು ಹೊದಿಸಿದವನು. ಅವನ ಸೊಂಟದಲ್ಲಿ ಒಂದು ಉಕ್ಕಿನ ಟೇಪು. ಸರಕ್ಕನೆ ಹೊರಗೆ, ಸರಕ್ಕನೆ ಒಳಗೆ, ಹಿರಿಯರ ಮುಂದೆ ನಾಲಿಗೆ ಚಾಚುವ ಪುಂಡನ ಹಾಗೆ. ನೋಡಿದ ಕೂಡಲೇ ನನಗೆ ಮೈ ಉರಿಯಿತು.

ಮೌನೇಶ ಮಾಳಿಗೆಯ ನೆಲವನ್ನು ಅಳೆದ. ಅಲ್ಲಿಗೇ ಬಿಡದೆ, ಹಿಂದಿನ ಮೆಟ್ಟಿಲುಕೋಣೆಯ ಎತ್ತರದ ಗೋಡೆಗೆ ಒಂದು ಹಗ್ಗ ಕಟ್ಟಿ, ಅದನ್ನು ಇಳಿಜಾರಾಗಿ ಮುಂದಿನ ಗೋಡೆಯಾಚೆಗೆ ಅರ್ಧ ಅಡಿ ಎಳೆದು, ಆ ಹಗ್ಗವನ್ನು ಅಳೆದ.

"ನೆಲಾ ಬಿಟ್ಟು ಗಾಳಿ ಯಾಕ ಅಳ್ಯಾಕತ್ತೀರಿ?" ಎಂದ ಜ್ಞಾನೋಬ.

"ತಗಡು ನೆಲದ ಮ್ಯಾಲೆ ಮಕ್ಕೊಳ್ಳೂದಿಲ್ರೀ. ಹಿಂದ ಎತ್ತರ, ಮುಂದ ತಗ್ಗು. ಇಳಿಜಾರಿನ ಉದ್ದ ನೆಲಕ್ಕಿಂತ ಹೆಚ್ಚ ಬರತೈತಿ. ಮತ್ತ ಗ್ವಾಡಿ ದಾಟಿ ಅರ್ಧ ಅಡಿ ಮುಂದ ಚಾಚಬೇಕು. ಇಲ್ಲಂದ್ರ ನೀರು ಓಣ್ಯಾಗ ಬೀಳೂದಿಲ್ಲ, ನಿಮ್ಮ ತಲಿ ಮ್ಯಾಲೆ ಬೀಳತೈತಿ."

ಅವನ ಲೆಕ್ಕ ಹೀಗಿತ್ತು: ಉದ್ದ ಇಪ್ಪತ್ತು ಅಡಿ ಎಂಟು ಇಂಚು, ಅಗಲ ಹದಿನೆಂಟು ಅಡಿ, ಒಟ್ಟು ಮುನ್ನೂರ ಎಪ್ಪತ್ತೆರಡು ಚದರಡಿ. ಕಂಬ, ಸ್ಕ್ರೂ, ಕೂಲಿ, ಸಕಲ ಸಾಮಾನು ಸೇರಿ ಚದರಡಿಗೆ ನೂರಾ ಐವತ್ತರಂತೆ ಐವತ್ತೈದು ಸಾವಿರದ ಎಂಟುನೂರು.

ಅವನು ಹೋದ ಮೇಲೆ ಜ್ಞಾನೋಬ ನನ್ನನ್ನು ಕೊರಳಿಂದ ತೆಗೆದ. ಮಂಡಿಯೂರಿ ಮಾಳಿಗೆಯ ಮೂಲೆಯಲ್ಲಿ ನನ್ನ ತುದಿ ಇಟ್ಟ. ಅರವತ್ತು ಮುಗಿದಲ್ಲಿ ಸೀಮೆಸುಣ್ಣದ ಗೀಟು, ಅಲ್ಲಿಂದ ಮತ್ತೆ ನಾನು. ಬಿಸಿಲಿಗೆ ಕಾದ ಸಿಮೆಂಟು ಹೊಟ್ಟೆಗೆ ಚುರುಗುಟ್ಟಿದರೂ ನಾನು ಸಹಿಸಿಕೊಂಡೆ. ಸೊಂಟ ಅಳೆದೂ ಅಳೆದೂ ಬೇಸತ್ತಿದ್ದ ನನಗೆ ಕಟ್ಟಡದ ಕೆಲಸ ದೊಡ್ಡ ಬಡ್ತಿಯೆಂದೇ ಅನಿಸಿತು. ನನ್ನ ತೀರ್ಪು ಸ್ಪಷ್ಟವಾಗಿತ್ತು. ಉದ್ದ ಹತ್ತೊಂಬತ್ತೂವರೆ, ಅಗಲ ಹದಿನೇಳೂವರೆ. ಮುಂದೆ ಚಾಚುವ ಅರ್ಧ ಅಡಿ ಸೇರಿಸಿದರೆ ಉದ್ದ ಇಪ್ಪತ್ತು. ಒಟ್ಟು ಮುನ್ನೂರ ಐವತ್ತು.

"ನೋಡಿದ್ಯಾ?" ಎಂದು ಜ್ಞಾನೋಬ ಎದ್ದು ನಿಂತ. "ಇಪ್ಪತ್ತೆರಡು ಚದರಡಿ ಹೆಚ್ಚ ತೋರಿಸ್ಯಾನ. ಮೂರು ಸಾವಿರದ ಮುನ್ನೂರು ರೂಪಾಯಿ, ಬರೇ ಗಾಳಿಗಿ!"

"ಅದು ಮೈ ಅಳಿಯೂ ಟೇಪ್ರೀ, ಮಾಳಗಿ ಅಳಿಯೂದಲ್ಲ" ಎಂದಳು ಸುಲೋಚನಾಬಾಯಿ.

"ಇಪ್ಪತ್ತು ವರ್ಷ ಅನ್ನಾ ಹಾಕಿದ ಟೇಪು ಇದು. ಅಂವನ ಕಬ್ಬಣದ ನಾಲಿಗಿ ನಂಬ್ತಿ, ಇದನ್ನ ನಂಬೂದಿಲ್ಲ?"

ಆ ಮಾತು ಕೇಳಿ ನನಗೆ ಕಣ್ಣಿದ್ದರೆ ನೀರು ಬರುತ್ತಿತ್ತು.

ಮರುದಿನ ಚೌಕಾಸಿ ಶುರುವಾಯಿತು. ತಗಡು ಮೂರೂವರೆ ಅಡಿ ಅಗಲ ಬರುತ್ತದೆಂದು ಜ್ಞಾನೋಬ ಎಲ್ಲೋ ಕೇಳಿಕೊಂಡು ಬಂದಿದ್ದ. ಹದಿನೇಳೂವರೆಗೆ ಐದು ತಗಡು ಸರಿಯಾಗಿ ಸಾಕು, ಆರು ಯಾಕೆ ಎಂದು ಕೇಳಿದ. ಮೌನೇಶ ನಕ್ಕ.

"ಜ್ಞಾನೋಬಣ್ಣ, ಅಂಗಿ ಹೊಲಿಯೂಮುಂದ ಎರಡು ತುಂಡು ಮೂತಿಗಿ ಮೂತಿ ಹಚ್ಚಿ ಹೊಲೀತೀರೇನು? ಒಂದರ ಮ್ಯಾಲೊಂದು ಬರಬೇಕಲ್ಲ? ತಗಡಿಗೂ ಹಂಗ. ಒಂದೊಂದು ತಗಡಿನ್ಯಾಗ ಮೂರು ಇಂಚು ಆ ಜೋಡಣಿಗೇ ಹೋಗತೈತಿ."

ಜ್ಞಾನೋಬ ಗುಂಡುಸೂಜಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ. ಹೊಲಿಗೆಯ ಮಾರ್ಜಿನ್ನನ್ನು ಅಲ್ಲಗಳೆಯುವುದು ಅವನ ಕುಲಧರ್ಮಕ್ಕೆ ಸಲ್ಲದು. ಆರು ತಗಡಿಗೆ ಒಪ್ಪಿದ. ಆದರೆ ಇನ್ನೊಂದು ಪಟ್ಟು ಹಿಡಿದ: ಕತ್ತರಿಸಿ ಉಳಿದ ತಗಡಿನ ತುಂಡುಗಳೆಲ್ಲ ತನಗೇ ವಾಪಸ್ ಬರಬೇಕು.

"ಅದು ನಮ್ಮ ಪದ್ಧತಿ ಅಲ್ರೀ. ತುಂಡು ಕೆಲಸಗಾರಂದು" ಎಂದ ಮೌನೇಶ. "ನೀವು ಕುಪ್ಪಸದ ಚೂರು ವಾಪಸ್ ಕೊಡ್ತೀರೇನು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

ಜ್ಞಾನೋಬನಿಗೆ ಸಿಟ್ಟು ಬಂತು. ನನ್ನನ್ನು ಕೊರಳಿಂದ ಎಳೆದು ಮೌನೇಶನ ಮುಖದ ಮುಂದೆ ಹಿಡಿದು, "ನಿಮ್ಮ ಅಳತಿನ ಸುಳ್ಳ ಐತಿ" ಎಂದುಬಿಟ್ಟ.

ಮೌನೇಶನ ಬಾಯಿ ಮೊದಲ ಸಲ ಮುಚ್ಚಿತು. ತೆರೆದಾಗ ತಣ್ಣಗೆ ಹೇಳಿದ: "ಹಂಗಿದ್ರ ತಗಡು ನೀವ ತರ್ರಿ. ಕಂಬ, ಫ್ರೇಮು, ಕೂಲಿ ನಂದು. ತಗಡಿನ ಅಳತಿ ನಿಮ್ಮದು, ಜವಾಬ್ದಾರಿನೂ ನಿಮ್ಮದು."

ಜ್ಞಾನೋಬ ಗೆದ್ದೆನೆಂದುಕೊಂಡ. ತಗಡಿನ ಅಂಗಡಿಗೆ ನನ್ನನ್ನು ಕೊರಳಲ್ಲಿ ಹಾಕಿಕೊಂಡೇ ಹೋದ. ಅಲ್ಲಿ ಹೇಳಿದಷ್ಟು ಉದ್ದಕ್ಕೆ ಮಶೀನಿನಲ್ಲಿ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ಮೇಲೆ ವಾಪಸಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಕತ್ತರಿ ಹಾಕಿದ ಬಟ್ಟೆ ವಾಪಸಿಲ್ಲ ಎಂದು ನಮ್ಮ ಗೋಡೆಯ ಮೇಲೂ ಬರೆದದ್ದುಂಟು. ಇಪ್ಪತ್ತು ಅಡಿಯ ಆರು ಹಸಿರು ತಗಡು ಎಂದ ಜ್ಞಾನೋಬ. ಎಲ್ಲ ಕೂಡಿಸಿದರೆ ಸುಲೋಚನಾಬಾಯಿಯ ಐವತ್ತು ಸಾವಿರದೊಳಗೇ ಬರುತ್ತಿತ್ತು. ಬರುವಾಗ ದಾರಿಯಲ್ಲಿ ನಿಂತು ಜಿಲೇಬಿ ಕಟ್ಟಿಸಿಕೊಂಡ.

ತಗಡುಗಳು ಬಂದ ದಿನ ಇಡೀ ಓಣಿ ಸೇರಿತ್ತು. ಓಣಿ ಇಕ್ಕಟ್ಟು. ಹಗ್ಗ ಕಟ್ಟಿ ಒಂದೊಂದನ್ನೇ ಮೇಲೆ ಎಳೆದರು. ಮೌನೇಶನ ಫ್ರೇಮು ಆಗಲೇ ಎದ್ದು ನಿಂತಿತ್ತು. ಮೊದಲ ತಗಡಿನ ಮೇಲಿನ ತುದಿಯನ್ನು ಹಿಂದಿನ ಗೋಡೆಗೆ ತಾಗಿಸಿ ಇಳಿಬಿಟ್ಟರು. ಅದು ಇಳಿಯಿತು, ಇಳಿಯಿತು, ಮುಂದಿನ ಗೋಡೆಯ ತನಕ ಬಂತು. ಗೋಡೆ ದಾಟಲಿಲ್ಲ. ಗೋಡೆಯ ಒಳಮೈಗೆ ನಿಂತುಬಿಟ್ಟಿತು. ಓಣಿಗೆ ಚಾಚಬೇಕಾದ ತಗಡು ಒಂದು ಗೇಣಿನಷ್ಟು ಗಿಡ್ಡ.

ಪಶ್ಚಿಮದಲ್ಲಿ ಮೋಡ ಕೂಡಿತ್ತು.

"ಅಂಗಡಿಯಂವಾ ಮೋಸಾ ಮಾಡ್ಯಾನ!" ಎಂದು ಕೂಗಿದ ಜ್ಞಾನೋಬ. ಮೌನೇಶ ಉಕ್ಕಿನ ಟೇಪನ್ನು ತಗಡಿನ ಮೇಲೆ ಹಾಯಿಸಿದ. ಇಪ್ಪತ್ತು ಅಡಿ, ಒಂದು ನೂಲೂ ಹೆಚ್ಚುಕಡಿಮೆ ಇಲ್ಲ. ಆಮೇಲೆ ನನ್ನ ಕಡೆ ನೋಡಿದ. "ಕೊಡ್ರಿ ಅದನ್ನ" ಎಂದು ಇಸಿದುಕೊಂಡು ತಗಡಿನ ಮೇಲೆ ಆ ಉಕ್ಕಿನ ಪುಂಡನ ಪಕ್ಕದಲ್ಲೇ ನನ್ನನ್ನು ಮಲಗಿಸಿದ. ತುದಿಗೆ ತುದಿ ಕೂಡಿಸಿದ. ನನ್ನ ಅರವತ್ತು ಮುಗಿದ ಜಾಗದಲ್ಲಿ ಅವನದು ಅರವತ್ತೊಂದೂವರೆ.

ಓಣಿಯ ಜನ ಇಣುಕಿ ನೋಡಿದರು. ಯಾರೋ ಕಿಸಕ್ಕೆಂದರು.

"ಜಗ್ಗಿ ಜಗ್ಗಿ ಉದ್ದ ಆಗೈತ್ರೀ ನಿಮ್ಮ ಟೇಪು" ಎಂದ ಮೌನೇಶ. "ಅದು ಐದು ಅಡಿ ಅಂದಲ್ಲೆಲ್ಲ ಒಂದೂವರಿ ಇಂಚು ತಿಂದೈತಿ. ಇಪ್ಪತ್ತು ಅಡಿಗೆ ಅರ್ಧ ಅಡಿ ಹೋತು. ಮ್ಯಾಲಿಂದು ನಾ ಹೇಳಿದ ಇಳಿಜಾರಂದು."

ಒಬ್ಬನ ಸಾಕ್ಷಿಯಿಂದ ತೀರ್ಪು ಕೊಡುವ ನ್ಯಾಯ ಎಲ್ಲಾದರೂ ಉಂಟೆ? ಆ ಉಕ್ಕಿನವನೇ ಕುಗ್ಗಿರಬಾರದೇಕೆ? ಆದರೆ ನನ್ನನ್ನು ಕೇಳಿದವರು ಯಾರು? ಜ್ಞಾನೋಬ ಮಾತ್ರ ಗೋಡೆಗೆ ಒರಗಿ ಕುಸಿದು ಕೂತ. ಭಿಶಿ ಹಣ ತಗಡಾಗಿತ್ತು, ಇನ್ನೊಮ್ಮೆ ಕೊಳ್ಳುವ ಶಕ್ತಿಯಿರಲಿಲ್ಲ. ಹೀಗೇ ಹೊದಿಸಿದರೆ ಇಡೀ ಛಾವಣಿಯ ನೀರು ಕತ್ತರಿಸುವ ಮೇಜಿನ ಮೇಲೆ ಸುರಿಯುತ್ತಿತ್ತು. "ಆ ಸ್ಟೂಲೇ ನನ್ನ ಹಣ್ಯಾಗ ಬರದೈತಿ" ಎಂದು ಅವನು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಅಷ್ಟು ಹೊತ್ತು ಸಿಟ್ಟಿನಲ್ಲಿದ್ದ ನನಗೆ ಆಗ ನಿಜವಾಗಿ ಸಂಕಟವಾಯಿತು.

ಸುಲೋಚನಾಬಾಯಿ ಸೊಂಟಕ್ಕೆ ಕೈಕೊಟ್ಟು ಗಿಡ್ಡ ತಗಡನ್ನು ನೋಡುತ್ತ ನಿಂತಿದ್ದಳು. "ಅಲ್ರೀ, ಹುಡುಗಿ ಎತ್ತರ ಆಗಿ ಪರಕಾರ ಗಿಡ್ಡ ಆದ್ರ ಏನ್ ಮಾಡ್ತೀರಿ? ಒಗೀತೀರೇನು?"

"ತೆಳಗ ಬ್ಯಾರೆ ಬಟ್ಟಿದು ಅಂಚು ಕೂಡಸ್ತೇನಿ" ಎಂದ ಜ್ಞಾನೋಬ ತಲೆ ಎತ್ತದೆ. ಹೇಳಿದ ಮೇಲೆ ತಲೆ ಎತ್ತಿದ.

ಮೌನೇಶನೂ ತಲೆ ಕೆರೆದುಕೊಂಡ. ಆಗುತ್ತದೆ ಎಂದ. ಗಿಡ್ಡ ತಗಡಿನ ಕೆಳಗೆ ಒಂದೂವರೆ ಅಡಿಯ ತುಂಡು ತೂರಿಸಿ ಸ್ಕ್ರೂ ಬಿಗಿದರೆ ಮೇಲಿನ ನೀರು ತುಂಡಿನ ಮೇಲೆ ಇಳಿದು ಓಣಿಗೆ ಬೀಳುತ್ತದೆ. ಹೊಸ ತಗಡೇ ಬೇಕೆಂದಿಲ್ಲ, ತನ್ನ ಹಿತ್ತಲಿನಲ್ಲಿ ತುಂಡುಗಳು ಒಂದಷ್ಟು ಬಿದ್ದಿವೆ. ಬಣ್ಣ ಮಾತ್ರ ಒಂದೇ ಇರುವುದಿಲ್ಲ.

"ಯಾರ್ವು ಆ ತುಂಡು?" ಎಂದು ಜ್ಞಾನೋಬ ಅಭ್ಯಾಸಬಲದಿಂದ ಕೇಳಿದ.

"ಉಳದದ್ದು."

"ಯಾರ ಮನೀದು ಉಳದದ್ದು?"

ಮೌನೇಶ ಮಾಳಿಗೆಯ ಮೂಲೆಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಕೌದಿಯ ಕಡೆ ಬೆರಳು ತೋರಿಸಿದ. "ಅದು ಯಾರ ಮನೀದು ಉಳದದ್ರೀ?"

ತುಂಡಿಗೆ ಹಣ ಬೇಡ, ಅಂಥದೇ ಒಂದು ಕೌದಿ ಕೊಟ್ಟರೆ ಸಾಕು ಎಂದ ಮೌನೇಶ. ಚೂರಿಗೆ ಚೂರು, ಲೆಕ್ಕ ಚುಕ್ತಾ. ಹೊಸದೊಂದು ಅಳತೆ ಟೇಪು ಕೊಳ್ಳಬೇಕು ಎಂಬ ಷರತ್ತನ್ನೂ ಹಾಕಿದ. ಜ್ಞಾನೋಬ ಒಪ್ಪಿದ. ಇಪ್ಪತ್ತು ವರ್ಷದ ಕೊರಳು ಒಂದೇ ಮಾತಿಗೆ ನನ್ನ ಕೈಬಿಟ್ಟಿತು.

ಹಸಿರು ಛಾವಣಿಯ ಕೆಳಗೆ ಕೆಂಪು, ನೀಲಿ, ಬಿಳಿ, ಹಳದಿ ತುಂಡುಗಳ ಅಂಚು ಬಂತು. ಮರುದಿನ ಮಧ್ಯಾಹ್ನವೇ ಮಿರಗದ ಮಳೆ ಹೊಡೆಯಿತು. ಜ್ಞಾನೋಬ ಕತ್ತರಿಸುವ ಮೇಜಿನ ಪಕ್ಕ ನಿಂತು ಮೇಜಿನ ಮೇಲೆ ಅಂಗೈ ಒಡ್ಡಿದ್ದ. ಒಂದು ಹನಿಯೂ ಬೀಳಲಿಲ್ಲ. ನೀರೆಲ್ಲ ಬಣ್ಣದ ಅಂಚಿನಿಂದ ಹಾರಿ ಓಣಿಗೆ ಧುಮುಕುತ್ತಿತ್ತು. ಅವನು ಮಗುವಿನ ಹಾಗೆ ನಕ್ಕ. ನಾನು ಅದನ್ನು ನೋಡಿದ್ದು ನೆಲದ ಮೇಲಿಂದ. ಮೌನೇಶನಿಗೆ ಕೊಡಬೇಕಾದ ಕೌದಿಯನ್ನು ಸುಲೋಚನಾಬಾಯಿ ಸುರುಳಿ ಸುತ್ತಿ ನನ್ನಿಂದ ಬಿಗಿದು ಮೂಲೆಯಲ್ಲಿಟ್ಟಿದ್ದಳು. ಅಳೆಯುವ ಟೇಪು ಕಟ್ಟುವ ಹುರಿಯಾದದ್ದಷ್ಟೇ ನನ್ನ ಪಾಲಿಗೆ ಬಂದ ಛಾವಣಿ.

ಛಾವಣಿ ಬಂತು, ಗಿರಾಕಿ ಬರಲಿಲ್ಲ. ಬಜಾರಿನಲ್ಲಿ ಅಂಗಡಿ ಎದುರಿಗೇ ಇರುತ್ತಿತ್ತು. ಈಗ ಓಣಿ ಹುಡುಕಿ ಮೆಟ್ಟಿಲು ಹತ್ತಬೇಕು. ಜ್ಞಾನೋಬ ಮಶೀನಿಗೆ ಎಣ್ಣೆ ಬಿಡುವುದು, ಒರೆಸುವುದು, ಮತ್ತೆ ಎಣ್ಣೆ ಬಿಡುವುದು. ರೆಡಿಮೇಡ್ ಅಂಗಡಿಯವರು ಇನ್ನೊಮ್ಮೆ ಹೇಳಿಕಳಿಸಿದರು: ಸ್ಟೂಲ್ ಖಾಲಿ ಇದೆ, ಸೋಮವಾರದೊಳಗೆ ಹೇಳಿ.

ಶನಿವಾರ ಮೌನೇಶ ತನ್ನ ಕೌದಿ ಒಯ್ಯಲು ಬಂದ. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಶಶಿರೇಖಾ ಮೇಡಂ. ಅವರ ಹಿಂದೆ ಓಣಿಯ ನಾಲ್ಕೈದು ಹೆಂಗಸರು. ಮೇಡಂ ಗಿರಾ‌ಕಿಯಾಗಿ ಬಂದಿರಲಿಲ್ಲ.

"ಮೌನೇಶ! ಆ ಕೆಂಪು ತಗಡು ನನ್ನ ಕಾರ್ ಶೆಡ್ಡಿಂದಲ್ಲೇನು? ಅದರ ಮ್ಯಾಲೆ ನನ್ನ ಮಗಾ ಬಣ್ಣದಾಗ ಕಾರಿನ ಚಿತ್ರ ಗೀಚಿದ್ದ. ಓಣ್ಯಾಗ ನಿಂತ್ರ ಕಾಣತೈತಿ! ವೇಸ್ಟೇಜ್ ಅಂತ ನನ್ನ ಕಡೆ ರೊಕ್ಕಾ ತಗೊಂಡು ಇಲ್ಲಿ ಅಂಚು ಕಟ್ಟೀಯೇನು?"

ಮೌನೇಶ ಅವಸರದಲ್ಲಿ ಕೌದಿಯ ಹಿಂದೆ ಮುಖ ಮರೆಸಿಕೊಳ್ಳಲು ಹೋದ. ನನ್ನ ಗಂಟು ಬಿಚ್ಚಿತು. ನಾನು ನೆಲಕ್ಕೆ ಬಿದ್ದೆ, ಕೌದಿ ಬಿಚ್ಚಿಕೊಂಡು ಎಲ್ಲರ ಮುಂದೆ ಹರಡಿತು.

ಹಿಂದಿನಿಂದ ಒಬ್ಬಳು, "ಅಯ್ಯ! ಇದು ನನ್ನ ಸೀಮಂತದ ಕುಪ್ಪಸದ ಬಟ್ಟಿ!" ಎಂದಳು. "ಈ ಗುಲಾಬಿ ನಮ್ಮ ವೈನೀದು" ಎಂದಳು ಇನ್ನೊಬ್ಬಳು. ಶಶಿರೇಖಾ ಮೇಡಂ ಬಗ್ಗಿ, ನಡುವಿನ ಜರಿಯ ಚೌಕವನ್ನು ಬೆರಳಿನಿಂದ ಮುಟ್ಟಿದರು. "ಜ್ಞಾನೋಬಣ್ಣ, ಇದಕ್ಕ ಒಂದು ಮೀಟರ್ ಬೇಕ ಬೇಕು ಅಂದಿದ್ರಿ."

ಜ್ಞಾನೋಬ ಮೇಲೆ ನೋಡಿದ, ಅಲ್ಲಿ ಮೌನೇಶನ ಕಳ್ಳತನ. ಕೆಳಗೆ ನೋಡಿದ, ಅಲ್ಲಿ ತನ್ನದು. ನೋಡಲು ಬೇರೆ ಜಾಗ ಉಳಿದಿರಲಿಲ್ಲ. ಕೊನೆಗೆ, "ಕುಗ್ಗತೈತಿ ಅಂತ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಸುಲೋಚನಾಬಾಯಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಹೊರಬಂತು. ಅದು ಮೇಡಂಗೆ ಹತ್ತಿತು, ಅವರಿಂದ ಉಳಿದವರಿಗೆ. ಹೆಂಗಸರು ಕೌದಿಯ ಸುತ್ತ ಕೂತು ಯಾವ ಚೌಕ ಯಾರದೆಂದು ಹುಡುಕತೊಡಗಿದರು.

ಬಂದದ್ದಾಯಿತು, ಒಂದು ಕುಪ್ಪಸಕ್ಕೆ ಅಳತೆ ಕೊಟ್ಟೇ ಹೋಗುತ್ತೇನೆ ಎಂದರು ಮೇಡಂ. ಜ್ಞಾನೋಬ ಹೊಸ ಟೇಪು ತೆಗೆದ. ಹೊಳೆಯುವ ಬಿಳಿ ಟೇಪು, ಮಡಿಕೆಯೂ ಮಾಸಿರಲಿಲ್ಲ. ಮೇಡಂ ಕತ್ತು ಬಗ್ಗಿಸಿ ಅಂಕಿ ನೋಡಿಬಿಟ್ಟರು.

"ಮೂವತ್ತೇಳು? ಅಂದ್ರ ನಾ ದಪ್ಪ ಆಗೀನಂತೀರೇನು?"

ನಗು ನಿಂತಿತು. ಕೌದಿಯ ಸುತ್ತ ಕೂತಿದ್ದ ಒಬ್ಬಳು ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದಳು. ತಗಡನ್ನು ಕ್ಷಮಿಸಬಹುದು, ಚೂರನ್ನೂ ಕ್ಷಮಿಸಬಹುದು, ಇದನ್ನು ಹೇಗೆ ಕ್ಷಮಿಸುವುದು? ಸೋಮವಾರ ದೂರವಿರಲಿಲ್ಲ.

ಸುಲೋಚನಾಬಾಯಿ ಬಗ್ಗಿ ನನ್ನನ್ನು ನೆಲದಿಂದ ಎತ್ತಿಕೊಂಡಳು. ಧೂಳು ಕೊಡವಿದಳು. "ಆ ಹೊಸಾ ಟೇಪಿಗೆ ಇನ್ನೂ ಕೈ ಕುಂತಿಲ್ರೀ ಮೇಡಂ. ಇದು ನಿಮ್ಮ ಖಾಯಂ ಟೇಪು" ಎಂದು ಗಂಡನ ಕೈಗೆ ಕೊಟ್ಟಳು. ಅವನು ನನ್ನನ್ನು ಸುತ್ತಿದ. ನಾನು ಉಸಿರು ಬಿಗಿಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮೂವತ್ತಾರು.

"ಹಾಂ, ಈಗ ಬಂತ ನೋಡ್ರಿ ಸರಿ" ಎಂದರು ಮೇಡಂ. ಚಪ್ಪಲಿ ಹುಡುಕುತ್ತಿದ್ದವಳು ವಾಪಸ್ ಬಂದು ಅಳತೆಗೆ ಸಾಲಿನಲ್ಲಿ ಕೂತಳು. ಮೌನೇಶ ಬಾಯಿ ತೆರೆದ. ಸುಲೋಚನಾಬಾಯಿ ಅವನನ್ನು ಒಂದು ಸಲ ನೋಡಿದಳು. ಅವನು ಆಯುಷ್ಯದಲ್ಲಿ ಎರಡನೆಯ ಸಲ ಬಾಯಿ ಮುಚ್ಚಿದ. ಸೋಮವಾರ ಜ್ಞಾನೋಬ ರೆಡಿಮೇಡ್ ಅಂಗಡಿಗೆ ಹೇಳಿಕಳಿಸಿದ, ತನಗೆ ಪುರುಸೊತ್ತಿಲ್ಲವೆಂದು.

ಈಗ ನನಗೆ ವಯಸ್ಸಾಗಿದೆ. ಒಂದು ಹಿತ್ತಾಳೆ ಟೋಪಿ ಬಿದ್ದುಹೋಗಿದೆ. ಮೊದಲಿನ ಏಳೆಂಟು ಅಂಕಿಗಳು ಅಳಿಸಿವೆ, ಅಲ್ಲಿ ಯಾರ ಸೊಂಟವೂ ಬರುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಮಾಳಿಗೆಯ ಗೋಡೆಯ ಮೊಳೆಯಲ್ಲಿ ತೂಗಿಕೊಂಡಿರುತ್ತೇನೆ. ಪಕ್ಕದ ಮೊಳೆಯಲ್ಲಿ ಉಕ್ಕಿನ ಟೇಪೊಂದಿದೆ, ಜ್ಞಾನೋಬ ಕೊಂಡದ್ದು. ಕಿಟಕಿ, ಬಾಗಿಲು, ತಗಡು ಅದರ ಪಾಲಿಗೆ. ಮೈಯುಳ್ಳ ಮನುಷ್ಯರು ನನ್ನ ಪಾಲಿಗೆ. ದರ ಹೇಳುವಾಗ ಜ್ಞಾನೋಬ ಈಗ ನನ್ನನ್ನು ಜಗ್ಗುವುದಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. ಬಟ್ಟೆ ಕೊಟ್ಟವರಿಗೆ, "ಇಷ್ಟು ಹೊಲಿಗಿಗೆ, ಇಷ್ಟು ಮಡಚಾಕ, ಇಷ್ಟು ಉಳೀತೈತಿ. ಚೂರು ಬೇಕೇನ್ರಿ?" ಎಂದು ಕೇಳುತ್ತಾನೆ. ಕೇಳಿದ ಮೇಲೆ ಯಾರಿಗೂ ಚೂರು ಬೇಡ. "ಇರ್ಲಿ ಬಿಡ್ರಿ, ಕೌದಿಗಿ ಆಗತೈತಿ, ನನ್ನ ಬಟ್ಟಿ ನಡುವ ಹಾಕ್ರಿ" ಎನ್ನುತ್ತಾರೆ. ಮೌನೇಶನೂ ತನ್ನ ಎಸ್ಟಿಮೇಟಿನ ಕೊನೆಗೆ ಜೋಡಣೆಗೆ ಎಷ್ಟು, ಇಳಿಜಾರಿಗೆ ಎಷ್ಟು, ತುಂಡು ಯಾರಿಗೆ ಎಂದು ಬರೆಯುತ್ತಾನಂತೆ.

ಮಳೆ ಬಂದಾಗ ಹಸಿರು ತಗಡಿನ ಮೇಲೆ ಒಂದು ಸದ್ದು, ಅಂಚಿನ ತುಂಡುಗಳ ಮೇಲೆ ಇನ್ನೊಂದು. ಕೆಳಗೆ ಮಶೀನು ಓಡುತ್ತಿರುತ್ತದೆ. ಆ ಅಂಚು ಬಂದದ್ದು ನನ್ನಿಂದ, ಜನ ಮೆಟ್ಟಿಲು ಹತ್ತಿ ಬಂದದ್ದು ಆ ಅಂಚಿನಿಂದ ಎಂದು ನೆನೆದು ನನಗೆ ಸಮಾಧಾನವಾಗುತ್ತದೆ. ಎಲ್ಲವನ್ನೂ ಸರಿಯಾಗಿ ಅಳೆದಿದ್ದರೆ ಈ ಮಾಳಿಗೆಗೆ ಯಾರು ಹತ್ತುತ್ತಿದ್ದರು?

ನಾನು ಅರವತ್ತು ಇಂಚಿನ ಟೇಪು. ಈಗಲೂ ಅನುಮಾನವಿದ್ದರೆ ಮೆಟ್ಟಿಲು ಹತ್ತಿ ಬಂದು ಅಳೆಸಿಕೊಳ್ಳಿ. ಇಳಿದು ಹೋಗುವಾಗ ಒಂದು ಇಂಚು ತೆಳ್ಳಗಾಗಿರುತ್ತೀರಿ.